ಗರ್ಗೂರ್ ಕಣಿವೆಯ ಹನ್ನೊಂದು ಮರ

ಗರ್ಗೂರ್ ಕಣಿವೆಯ ಬಾವಿಗೆ ಸರ್ಕಾರದವರು ಸಿಮೆಂಟ್ ಸುರಿದರು. ಲಾರಿಗೆ ಅಡ್ಡ ನಿಂತ ಮುಸಲ್ಲಮ್‌ನನ್ನು ಪೊಲೀಸರು ಹಿಡಿದುಕೊಂಡು ಹೋದರು. ಸರ್ಕಾರಿ ಜಾಗಕ್ಕೆ ಅತಿಕ್ರಮ ಪ್ರವೇಶ ಮಾಡಿದ ಎಂದು ಕೇಸು. ಅವನ ಅಜ್ಜ ಹುಟ್ಟಿದ್ದು ಅದೇ ಬಾವಿಯ ಮಗ್ಗುಲಲ್ಲಿ.

ಎಂಟು ತಿಂಗಳ ಮೇಲೆ ಅವನ ಅಣ್ಣ ಫರಾಜ್, ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು, ಇಬ್ಬರು ಗೆಳೆಯರ ಜೊತೆ ಕಣಿವೆಗೆ ಹೊರಟ. ಕರಾವಳಿಯ ಹೋಟೆಲುಗಳಲ್ಲಿ ಪ್ರವಾಸಿಗರ ಫೋಟೊ ತೆಗೆದು ಬದುಕುವವನು. ಅವನಿಗೆ ಬೇಕಾದದ್ದು ಒಂದೇ: ತನ್ನ ತಮ್ಮ ಮನೆಗೆ ಬರಬೇಕು.

ಕಣಿವೆಯ ಬಾಯಿಗೆ ಪೊಲೀಸ್ ಚೌಕಿ. ಚಾರಣಕ್ಕೆ ಬಂದಿದ್ದೇವೆ, ಬೆಟ್ಟ, ಮರಳಿನ ಫೋಟೊ ತೆಗೆಯುತ್ತೇವೆ ಎಂದರು. ಪೇದೆ ಚೀಲ ಕೂಡ ಬಿಚ್ಚಿಸದೆ ಅಡ್ಡಗೋಲು ಎತ್ತಿದ.

“ನನ್ ಮುಖ ನೋಡಿ ಬಿಟ್ಟ,” ಎಂದ ಜೀಪು ಓಡಿಸುತ್ತಿದ್ದ ಇಹಾಬ್.

“ನಿನ್ ಮುಖ ಸರಿಯಾಗಿ ನೋಡಿದ್ರೆ ಒಳಗೆ ಹಾಕ್ತಿದ್ದ,” ಎಂದಳು ಶಾಹಿಂದಾ. ಮುಸಲ್ಲಮ್‌ನ ವಕೀಲೆ ಅವಳೇ. “ಫರಾಜ್, ಹಾಗೆ ಬೆವರಬೇಡ ಕಣೋ. ಸುತ್ತಾಡೋಕೆ ಬಂದೋರ ಥರ ಸ್ವಲ್ಪ ನಗು.”

ಗುರುವಾರ ಕಣಿವೆ ನೋಡಲು ತನಿಖಾ ಆಯೋಗ ಬರಲಿತ್ತು. ಕಣಿವೆಯಲ್ಲಿ ಯಾರೂ ವಾಸವಿರಲಿಲ್ಲ ಎಂಬುದು ಸರ್ಕಾರದ ವಾದ. ಇದ್ದರೆಂದು ತೋರಿಸಿದರೆ ಮುಸಲ್ಲಮ್ ಮೇಲಿನ ಕೇಸು ನಿಲ್ಲುವುದಿಲ್ಲ. ತೋರಿಸಲು ಮನೆಗಳಿಲ್ಲ, ಕಣಿವೆಯವರು ಗುಡಾರದ ಜನ. ಮರಗಳಿವೆ. ಜಾಗ ಬಿಟ್ಟು ಹೊರಡುವಾಗ ಒಂದೊಂದು ಕುಟುಂಬವೂ ಪಾತ್ರೆ, ಕಂಬಳಿಗಳನ್ನು ಗಂಟು ಕಟ್ಟಿ ತನ್ನ ಜಾಲಿ ಮರಕ್ಕೆ ತೂಗಿಬಿಡುತ್ತದೆ. ಮತ್ತೆ ಬರುತ್ತೇವೆ ಎಂದು ಅರ್ಥ. ತೂಗಿದ್ದನ್ನು ಕಳ್ಳನೂ ಮುಟ್ಟುವುದಿಲ್ಲ.

ಮರಗಳು ಬಂಡೆಗಳ ಸೀಳಿನೊಳಗೆ ಅಡಗಿದ್ದವು. ದಾರಿ ತೋರಿಸಲು ನಸ್ರಾ ಅಜ್ಜಿ ಜೀಪಿನಲ್ಲೇ ಜೊತೆಗೆ ಬಂದಿದ್ದಳು. ಬಾವಿ ಮುಚ್ಚಿದ ಮೇಲೆ ಊರಾಚೆಯ ತಗಡಿನ ಶೆಡ್ಡು ಸೇರಿದ್ದ ಮುದುಕಿ.

“ಪೊಲೀಸರು ನಾಲ್ಕು ಸಲ ಬಂದು ಕೇಳಿದ್ರು. ಒಂದು ಮರಾನೂ ತೋರಿಸ್ಲಿಲ್ಲ ನಾನು,” ಎಂದಳು. “ನೀನು ಮುಸಲ್ಲಮ್ ಅಣ್ಣ ಅಂತ ತೋರಿಸ್ತಿದೀನಿ ಮಗಾ.”

ಫರಾಜ್ ಕ್ಯಾಮೆರಾದ ಪಟ್ಟಿ ಸರಿಮಾಡಿಕೊಂಡು ಮುಂದೆ ನಡೆದ. ಎರಡೂ ಕಡೆ ಕೆಂಪು ಬಂಡೆ. ಹೆಗಲು ಓರೆ ಮಾಡದೆ ಹೆಜ್ಜೆ ಇಡುವಂತಿಲ್ಲ. ಒಳಗೆ ಹೋಗಲೂ ಹೊರಗೆ ಬರಲೂ ಅದೊಂದೇ ಸಂದು.

ಒಂದೊಂದು ಮರವನ್ನೂ ದೂರದಿಂದ, ಹಿಂದಿನ ಶಿಖರ ಸೇರಿಸಿಯೇ ತೆಗೆದ. ಇಹಾಬ್ ಪ್ರತಿ ಸಲವೂ ನಡುವೆ ತೂರಿ ನಿಂತ. “ನಾನಿರ್ಲಿ ಕಣೋ. ಇಷ್ಟು ಚಂದದ ಬೆಟ್ಟಕ್ಕೆ ದೃಷ್ಟಿಬೊಟ್ಟು ಬೇಡ್ವಾ?”

“ಆಚೆ ಹೋಗೋ! ಶಿಖರ ಮುಚ್ಚಬೇಡ!” ಫರಾಜ್ ಚೀರಿದ. ಬಂಡೆಗಳು ಅದನ್ನೇ ಮತ್ತೆ ಚೀರಿದವು.

“ಬೈಸ್ಕೊಂಡ್ಯಾ?” ಎಂದಳು ಶಾಹಿಂದಾ. “ಅವನು ಮಾಡ್ತಿರೋದೇ ಸರಿ. ಶಿಖರ ಇದ್ರೆ ಮರ ಯಾವ ಜಾಗದ್ದು ಅಂತ ಎಳೇ ಮಗೂಗೂ ಗೊತ್ತಾಗುತ್ತೆ.”

ಹತ್ತು ಮರಗಳಾದವು. ಹನ್ನೊಂದನೆಯದು ಅಜ್ಜಿಯದೇ. ಕೊಂಬೆಯಲ್ಲಿ ಮಸಿ ಹಿಡಿದ ಚಹಾದ ಕೆಟಲು, ಒಂದು ಕಂಬಳಿ, ಗುಡಾರದ ಹಗ್ಗ.

“ಇದು ಬೇಡ ಅಜ್ಜಿ. ಹತ್ತು ಸಾಕು.”

“ಯಾಕೆ ಬೇಡ? ನನ್ ಮರ ಬಿಟ್ರೆ ನಾನು ಎಲ್ಲಿಯವಳು ಅಂತ ಹೇಳ್ಲಿ?” ಮುದುಕಿ ಅವನ ಮುಂಗೈ ಹಿಡಿದು ಕ್ಯಾಮೆರಾವನ್ನು ಕಣ್ಣಿಗೇರಿಸಿದಳು. “ತೆಗಿ.”

ತೆಗೆದ.

ಸಂಜೆ ಮರಳಿದಾಗ ಚೌಕಿಯ ಅಡ್ಡಗೋಲು ಇಳಿದಿತ್ತು. ಚೌಕಿಯ ಅಧಿಕಾರಿಯೇ ಜೀಪಿನ ಹತ್ತಿರ ಬಂದ. ಇಹಾಬ್ ಶಿಳ್ಳೆ ನಿಲ್ಲಿಸಿದ. ಶಾಹಿಂದಾ, “ಯಾರೂ ಬಾಯಿ ಬಿಡ್ಬೇಡಿ,” ಎಂದು ಪಿಸುಗುಟ್ಟಿದಳು.

ಅಧಿಕಾರಿ ಏನನ್ನೂ ಕೇಳಲಿಲ್ಲ. ಹಿಂದಕ್ಕೆ ಕೈ ಬೀಸಿದ. ಪೇದೆಯೊಬ್ಬ ಮುಸಲ್ಲಮ್‌ನನ್ನು ಹೊರಗೆ ಕರೆತಂದ. ಬೇಡಿ ಇರಲಿಲ್ಲ. ಸೊರಗಿ ಅರ್ಧದಷ್ಟಾಗಿದ್ದ. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಳು.

“ನಾನು ಮಾತಿಗೆ ತಪ್ಪೋನಲ್ಲ ಫರಾಜ್,” ಎಂದ ಅಧಿಕಾರಿ. “ಮರದ ಫೋಟೊ ಇಲ್ಲಿಡು, ತಮ್ಮನ್ನ ಕರ್ಕೊಂಡು ಹೋಗು. ಗುರುವಾರದೊಳಗೆ ಎಲ್ಲಾ ಕಡಿಸಿ ಮುಗಿಸ್ಬೇಕು ನಾನು. ಏಯ್, ಹತ್ತೋ ಜೀಪು! ನಿಮ್ಮಣ್ಣ ಬಿಡಿಸ್ಕೊಂಡಿದಾನೆ ನಿನ್ನ.”

ಮುಸಲ್ಲಮ್ ಅಣ್ಣನನ್ನು ನೋಡಿದ, ಅಜ್ಜಿಯನ್ನು ನೋಡಿದ, “ಹತ್ತಲ್ಲ” ಎಂದ. ತಿರುಗಿ ಚೌಕಿಯೊಳಕ್ಕೆ ನಡೆದು ಲಾಕಪ್ಪಿನ ಬಾಗಿಲನ್ನು ಒಳಗಿನಿಂದ ತಾನೇ ಎಳೆದುಕೊಂಡ.