ಅಜ್ಜಿಯ ಸ್ವಂತ ಮತ

"ಈ ಬಾಗಿಲಿಗೆ ಹೊರಗಿನಿಂದ ಯಾಕ್ರೀ ಚಿಲಕ?" ಚುನಾವಣಾ ಅಧಿಕಾರಿ ಕೇಳಿದ.

"ಬೆಕ್ಕಿನ ಕಾಟ ಸಾರ್. ಅಮ್ಮನ ಹಾಸಿಗೆಗೇ ನುಗ್ಗಿಬಿಡುತ್ತೆ," ಎಂದ ಮಗ, ಚಿಲಕಕ್ಕೆ ಕೈ ಹಾಕದೆ. ಅಂಗಿ ಅವನ ಹೆಗಲ ಮೇಲೆ ಬಿಗಿದುಕೊಂಡಿತ್ತು. "ಅವರಿಗೆ ಇವತ್ತು ಹುಷಾರಿಲ್ಲ. ಓಟು ಗೀಟು ಬೇಡ ಬಿಡಿ. ಒಂದು ಓಟಿಗೆ ಯಾವ ಸರ್ಕಾರ ಬೀಳುತ್ತೆ?"

ಇಂಥ ಮಾತು ಕೇಳಿದರೆ ಈ ಅಧಿಕಾರಿಗೆ ಮೈಯೆಲ್ಲ ಉರಿಯುತ್ತಿತ್ತು. ಅವನು ಮೂಲತಃ ಗಣಿತದ ಮೇಷ್ಟ್ರು; ಚುನಾವಣೆ ಬಂದಾಗ ಮಾತ್ರ ಅಧಿಕಾರಿ. ನಡೆಯಲಾಗದ ಮುದುಕರ ಮನೆಗೇ ಹೋಗಿ, ಗುರುತಿನ ಚೀಟಿ ನೋಡಿ, ಮತ ಹಾಕಿಸಿಕೊಂಡು ಬರುವ ಕೆಲಸ. ಬೆಳಗ್ಗೆಯಷ್ಟೇ ಒಂದು ಮನೆಯಲ್ಲಿ ಸೊಸೆ ಮಾವನ ಕೈ ಹಿಡಿದು ತನಗೆ ಬೇಕಾದವರಿಗೆ ಗುರುತು ಹಾಕಿಸಿಬಿಟ್ಟಿದ್ದಳು. ಇನ್ನೊಂದು ಸಲ ಹಾಗಾದರೆ ಮೀಸೆ ಬೋಳಿಸುತ್ತೇನೆಂದು ಅವನು ಜೀಪಿನಲ್ಲಿ ಸಹಾಯಕಿಯ ಮುಂದೆ ಶಪಥ ಮಾಡಿದ್ದ.

"ಮನೆಗೇ ಬನ್ನಿ ಅಂತ ಅರ್ಜಿ ಕೊಟ್ಟಿದ್ದು ನೀವೇ ತಾನೇ?"

"ಅರ್ಜಿನಾ?" ಮಗ ತಡವರಿಸಿದ. "ಹಾಂ, ನಾನೇ. ಮರೆತೇ ಹೋಗಿತ್ತು."

"ಹಾಗಾದ್ರೆ ತೆಗೀರಿ ಬಾಗಿಲು."

ಒಳಗೆ ಮುಚ್ಚಿದ ಕಿಟಕಿ, ಒಗೆಯದ ಹಾಸಿಗೆಯ ವಾಸನೆ. ಗೋಡೆಯಲ್ಲಿ ಫೋಟೋ ಕಿತ್ತ ಜಾಗ ಮಾತ್ರ ಬೆಳ್ಳಗಿತ್ತು. ಮಂಚದ ಮೇಲೆ ಅಜ್ಜಿ. ಕಾಲು ಯಾವಾಗಲೋ ಹೋಗಿದೆ, ಗಂಟಲಿನ ಆಪರೇಷನ್ ಆದಮೇಲೆ ಮಾತೂ ಹೋಯಿತು ಎಂದು ಮಗ ವಿವರಿಸಿದ. ಅಜ್ಜಿ ಅಧಿಕಾರಿಯನ್ನೇ ನೋಡುತ್ತಿದ್ದಳು.

"ಗುರುತಿನ ಚೀಟಿ?"

"ಎಲ್ಲೋ ಕಳೆದುಹೋಗಿದೆ ಸಾರ್. ಚೀಟಿ ಇಲ್ದಿದ್ರೆ ಓಟೂ ಇಲ್ಲ, ಅಲ್ವಾ? ಹೊಸ ಕಾನೂನು." ಮಗನ ಮುಖ ಅರಳಿತು.

ಅಜ್ಜಿಯ ಕೈ ನಿಧಾನವಾಗಿ ಹಾಸಿಗೆಯ ಅಡಿಗೆ ಹೋಯಿತು. ಹೊರಗೆ ಬಂದಾಗ ಅದರಲ್ಲಿ ಚೀಟಿಯಿತ್ತು.

ಭೇಷ್ ಮುದುಕಿ! ಅಧಿಕಾರಿಗೆ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು. ಈ ಮಗ ಬೇರೆ ಪಕ್ಷದವನು, ತಾಯಿಯ ಓಟು ತಪ್ಪಿಸಲು ನೋಡುತ್ತಿದ್ದಾನೆ, ಅಷ್ಟೇ ತಾನೇ? ಹಾಗೆಂದು ಅಜ್ಜಿಗೆ ರಿಯಾಯಿತಿ ಕೊಡುವ ಆಸಾಮಿಯೂ ಅವನಲ್ಲ. ಚೀಟಿಯಲ್ಲಿ ತುಂಬಿದ ಕೆನ್ನೆ, ಇಲ್ಲಿ ಎಲುಬು. ಅವನು ಹುಬ್ಬು ನೋಡಿದ, ಕಿವಿ ನೋಡಿದ, ಗಲ್ಲದ ಮಚ್ಚೆ ನೋಡಿದ, ಹೆಬ್ಬೆಟ್ಟು ಒತ್ತಿಸಿಕೊಂಡ.

"ಅವರೇ ಸಾರ್, ಸಾಕು ಬಿಡಿ," ಎಂದಳು ಸಹಾಯಕಿ.

"ಸುಮ್ನಿರಮ್ಮ. ಇನ್ನೊಬ್ಬರ ಹೆಸರು ಹೇಳ್ಕೊಂಡು ನನ್ನ ಕಣ್ಣು ತಪ್ಪಿಸಿ ಹೋದವರು ಇವತ್ತಿನವರೆಗೂ ಯಾರೂ ಇಲ್ಲ."

ಅಜ್ಜಿ ಕೈ ಚಾಚಿ ಅವನ ಕೊರಳಲ್ಲಿ ತೂಗುತ್ತಿದ್ದ ಬ್ಯಾಡ್ಜನ್ನು ಮುಟ್ಟಿದಳು. ಆಮೇಲೆ ಮಗನತ್ತ ಬೆರಳು ತೋರಿಸಿದಳು. ಮತ್ತೆ ಬ್ಯಾಡ್ಜು, ಮತ್ತೆ ಮಗ.

"ಗೊತ್ತಾಯ್ತು ಅಜ್ಜಿ. ಇಲ್ಲಿ ನಾನೇ ಅಧಿಕಾರಿ, ಅವರಲ್ಲ. ಅವರ ಆಟ ನನ್ನ ಹತ್ರ ನಡೆಯಲ್ಲ."

ಮಗ ನಕ್ಕ. ನಗು ತುಟಿಯಲ್ಲೇ ಒಣಗಿತು. "ಕೈ ನಡುಗುತ್ತೆ ಸಾರ್ ಅಮ್ಮಂಗೆ. ಗುರುತು ನಾನೇ ಹಾಕಿಬಿಡ್ತೀನಿ."

"ಕುರುಡರಾಗಿದ್ರೆ ಸರಿ. ಇವರಿಗೆ ಕಣ್ಣಿದೆ, ಕೈಯಿದೆ. ನೀವು ಆಚೆ ನಡೀರಿ."

"ಸಾರ್, ನಾನು ಅವರ ಮಗ."

"ನೀವು ದೇವರಾದ್ರೂ ಆಚೆ!"

ಮಗನನ್ನು ಹೊರಗೆ ಕಳಿಸಿ ಸಹಾಯಕಿ ಬಾಗಿಲಿಗೆ ಅಡ್ಡ ನಿಂತಳು. ಅಜ್ಜಿ ಅಧಿಕಾರಿಯ ಕೈಯನ್ನು ಎಳೆದು ಕಣ್ಣಿಗೆ ಒತ್ತಿಕೊಂಡಳು. ಇಷ್ಟು ವರ್ಷದ ಚುನಾವಣಾ ಕೆಲಸದಲ್ಲಿ ಯಾರೂ ಹೀಗೆ ಮಾಡಿರಲಿಲ್ಲ. ರಟ್ಟಿನ ಮರೆ ಇಟ್ಟು, ಮತಪತ್ರವನ್ನೂ ಪೆನ್ನನ್ನೂ ಅವಳ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ನಿಂತ.

ಪೆನ್ನಿನ ಸದ್ದು ಬಹಳ ಹೊತ್ತು ಕೇಳಿತು.

"ಒಂದು ಗುರುತಿಗೆ ಇಷ್ಟೊಂದು ಅಳೆದು ಸುರಿದು ನೋಡ್ತೀರಲ್ಲ ಅಜ್ಜಿ!" ಅವನು ಗೋಡೆ ನೋಡುತ್ತಲೇ ತಮಾಷೆ ಮಾಡಿದ.

ಅವಳು ಅವನ ಅಂಗಿ ಜಗ್ಗಿದಳು. ತಿರುಗಿದರೆ, ಮತಪತ್ರವನ್ನು ಅಗಲವಾಗಿ ಬಿಡಿಸಿ ಅವನ ಮುಖಕ್ಕೇ ಹಿಡಿದಿದ್ದಾಳೆ!

"ಅಯ್ಯಯ್ಯೋ, ತೋರಿಸ್ಬೇಡಿ!" ಅವನು ಥಟ್ಟನೆ ಕಣ್ಣು ಮುಚ್ಚಿದ. "ನಿಮ್ಮ ಮತ ನಾನು ನೋಡೋ ಹಾಗಿಲ್ಲ ಅಜ್ಜಿ. ಯಾರೂ ನೋಡೋ ಹಾಗಿಲ್ಲ."

ಅವಳು ಬಿಡಲಿಲ್ಲ. ಕಾಗದ ಅವನ ಮೂಗಿಗೆ ತಾಗಿತು. ಅವನು ಕಣ್ಣು ಮುಚ್ಚಿಕೊಂಡೇ ಅದನ್ನು ಬಿಡಿಸಿಕೊಂಡು, ಮಡಚಿ, ಲಕೋಟೆಗೆ ಹಾಕಿ, ಅಂಟಿಸಿ ಮೊಹರು ಒತ್ತಿದ. ಅಜ್ಜಿಯ ಬಾಯಿ ತೆರೆದೇ ಇತ್ತು. ಕಣ್ಣಿಂದ ನೀರು ದಳದಳ ಸುರಿಯಿತು.

"ಪಾಪ, ಖುಷಿಗೆ ಅಳ್ತಿದ್ದಾರೆ," ಎಂದಳು ಸಹಾಯಕಿ, ತಾನೂ ಕಣ್ಣೊರೆಸಿಕೊಳ್ಳುತ್ತ.

ಹೊರಗೆ ಮಗನ ಅಂಗಿ ಬೆವರಿಗೆ ಅಂಟಿತ್ತು. "ಅಮ್ಮ ಏನು ಮಾಡಿದ್ರು ಸಾರ್?"

"ನಾನೇ ನೋಡಿಲ್ಲ, ನಿಮಗೇನು ಹೇಳ್ಲಿ? ಅದು ಅವರ ಗುಟ್ಟು."

"ನೋಡ್ಲೇ ಇಲ್ವಾ?" ಮಗ ದೊಡ್ಡದಾಗಿ ಉಸಿರು ಬಿಟ್ಟ. ಇದ್ದಕ್ಕಿದ್ದಂತೆ ಬಲು ಮರ್ಯಾದಸ್ಥನಾಗಿ ಅವರನ್ನು ಗೇಟಿನವರೆಗೂ ಬೀಳ್ಕೊಟ್ಟ.

ಜೀಪಿನಲ್ಲಿ ಅಧಿಕಾರಿ ಮೀಸೆ ತೀಡಿಕೊಂಡ. "ನೋಡಿದ್ಯೇನಮ್ಮ? ಯಾರ ಹಂಗೂ ಇಲ್ಲದೆ, ಯಾರ ಕಣ್ಣಿಗೂ ಬೀಳದೆ ಹಾಕಿಸಿದೆ. ಓಟು ಅಂದ್ರೆ ಹಾಗಿರಬೇಕು."

ಎಣಿಕೆಯ ದಿನವೂ ಅವನಿಗೇ ಮೇಜಿನ ಉಸ್ತುವಾರಿ. ಮನೆಮನೆಯಿಂದ ಬಂದ ಲಕೋಟೆಗಳನ್ನು ಒಡೆದು ಮತಪತ್ರಗಳನ್ನು ಕಲಸಿ ಗುಡ್ಡೆ ಹಾಕಿದ್ದರು, ಯಾವುದು ಯಾರದೆಂದು ಯಾರಿಗೂ ತಿಳಿಯಬಾರದಲ್ಲ! ಸಹಾಯಕಿ ಒಂದನ್ನು ಬಿಡಿಸಿ ತಡೆದಳು.

"ಸಾರ್, ಇದರಲ್ಲಿ ಏನೋ ಬರೆದಿದ್ದಾರೆ. ಅಕ್ಷರ ತುಂಬ ಸೊಟ್ಟ."

"ಬರೆದಿದ್ರೆ ಅಸಿಂಧು. ಕೆಲವರು ಬೈದು ಬರೀತಾರೆ, ಕೆಲವರು ಹರಕೆ ಬರೀತಾರೆ. ಓದ್ತಾ ಕೂತ್ರೆ ನಾಳೆಯಾದ್ರೂ ಮುಗಿಯಲ್ಲ. ಇಲ್ಲಿ ಕೊಡು."

ಅವನು ಅದನ್ನು ಓದದೆ ಮುದ್ರೆ ಒತ್ತಿ ತಿರಸ್ಕೃತ ಮತಗಳ ಪೆಟ್ಟಿಗೆಗೆ ಎಸೆದ. ನೀಲಿ ಶಾಯಿಯ 'ಅಸಿಂಧು'ವಿನ ಕೆಳಗೆ ಇಷ್ಟು ಬರೆದಿತ್ತು: "ಇವನು ನನ್ನ ಮಗ ಅಲ್ಲ. ನನ್ನ ಮಗನ್ನ ಕೊಂದಿದಾನೆ. ನನ್ನನ್ನ ಇಲ್ಲಿ ಬಿಟ್ಟು ಹೋಗಬೇಡಿ."