ಸೊನ್ನೆ ಬರಬೇಕಿದ್ದ ಸೀಸೆ

“ಈ ವಾರವೂ ಇದೆ ಸಾರ್,” ಎಂದಳು ಪ್ರಸೀತಾ, ಯಂತ್ರದ ಪರದೆಯಿಂದ ಕಣ್ಣು ತೆಗೆಯದೆ.

ಗಂಡುಹುಡುಗರ ಹಾಸ್ಟೆಲಿನ ವಾರ್ಡನ್ ಔಸೇಪ್ ಸಾರ್ ಪ್ರಯೋಗಾಲಯದ ಬಾಗಿಲಲ್ಲೇ ನಿಂತಿದ್ದರು. ಬಲಗೈ ಎಂದಿನಂತೆ ಪ್ಯಾಂಟಿನ ಜೇಬಿನಲ್ಲಿ. ಆ ಮುಖದಲ್ಲಿ ನಗು ಕಂಡವರು ಇತ್ತೀಚೆಗೆ ಯಾರೂ ಇರಲಿಲ್ಲ.

“ಯಾರು?”

“ಅದನ್ನ ಹೇಳೋಕಾಗಲ್ಲ. ನಾನು ನೋಡೋದು ಚರಂಡಿ ನೀರು, ಹುಡುಗರ ಮುಖ ಅಲ್ಲ.”

ವಿಶ್ವವಿದ್ಯಾಲಯ ಅವಳಿಗೆ ಒಪ್ಪಿಸಿದ್ದ ಸಂಶೋಧನೆಯ ಕಟ್ಟುಪಾಡೇ ಅದು. ಬೆಳಗಾದೊಡನೆ ಹಾಸ್ಟೆಲುಗಳ ಚರಂಡಿಯಿಂದ ಸೀಸೆಯಲ್ಲಿ ನೀರು ತರಬೇಕು. ಅದರಲ್ಲಿ ಮಾದಕದ ಗುರುತು ಕಂಡರೆ ಆ ಹಾಸ್ಟೆಲಿಗೆ ಆಪ್ತಸಲಹೆಗಾರರನ್ನು ಕಳಿಸಬೇಕು. ಯಾರ ಹೆಸರೂ ಹೊರಬೀಳುವಂತಿಲ್ಲ, ಯಾರಿಗೂ ಶಿಕ್ಷೆಯಿಲ್ಲ. ಯಂತ್ರವೇನೋ ಬಲು ಚುರುಕು, ಆದರೆ ಅರೆಜಾಣ. ದೇಹ ಹೊರಗೆ ಹಾಕಿದ್ದು ಅದಕ್ಕೆ ಗೊತ್ತಾಗುತ್ತದೆ; ಬಾಯಿಗೆ ಬಿದ್ದದ್ದೇನೆಂದು ಗೊತ್ತಾಗುವುದಿಲ್ಲ. ಕಳೆದ ವರ್ಷ ಹುಡುಗಿಯರ ಹಾಸ್ಟೆಲಿನಲ್ಲಿ ಅಫೀಮು ಸಿಕ್ಕಿತೆಂದು ಗುಲ್ಲೆದ್ದಾಗ, ಅವಳೇ ಹೋಗಿ ಯಾರು ಏನು ಔಷಧಿ ಕುಡಿಯುತ್ತಾರೆಂದು ವಿಚಾರಿಸಿದ್ದಳು. ಕೆಮ್ಮಿನ ಸಿರಪ್ಪು! ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದರು.

ಈ ಸಲ ವಿಚಾರಿಸುವ ಗೋಜಿಗೆ ಹೋಗಲಿಲ್ಲ. ಈಗ ಸಿಕ್ಕಿದ್ದು ಹುಡುಗರು ಐಸ್ ಎಂದು ಕರೆಯುವ ಮಾದಕ ಹರಳು. ಅದನ್ನು ಯಾವ ಮೆಡಿಕಲ್ ಅಂಗಡಿಯವನು ಮಾರುತ್ತಾನೆ?

“ಯಾವ ಕಡೆ ಅಂತಾದರೂ ಹೇಳಿ ಟೀಚರೇ,” ಎಂದರು ಔಸೇಪ್ ಸಾರ್. ಒಂದು ಕಾಲಕ್ಕೆ ಇಡೀ ಹಾಸ್ಟೆಲನ್ನು ಎಬ್ಬಿಸುತ್ತಿದ್ದ ದನಿ ಈಗ ಪಿಸುಮಾತಿನಷ್ಟು ಇಳಿದಿತ್ತು. “ಇನ್ನೊಂದು ಹೆಣ ಹೊರೋ ಶಕ್ತಿ ನನಗಿಲ್ಲ.”

ಎರಡು ವರ್ಷದ ಹಿಂದೆ, ಇದೇ ಹರಳಿಗೆ ಬಲಿಯಾದ ಹುಡುಗನನ್ನು ಮೆಟ್ಟಿಲಿಳಿಸಿ ಆಂಬುಲೆನ್ಸಿಗೆ ಹಾಕಿದವರು ಅವರೇ. ಪ್ರಸೀತಾಳ ಮನಸ್ಸು ಕರಗಿತು.

“ಪೂರ್ವದ ಕೊಳವೆ,” ಎಂದುಬಿಟ್ಟಳು.

ಪೂರ್ವದ ಕಡೆ ಇರುವುದೇ ಬೆರಳೆಣಿಕೆಯ ಕೋಣೆಗಳು. ಕೆಳಗೆ ಔಸೇಪ್ ಸಾರ್ ಅವರ ವಾಸ, ಮೇಲೆ ಹುಡುಗರು. ಸಂಜೆಯೊಳಗೆ ಅವರ ಕಣ್ಣು ಸನೂಪ್ ಎಂಬ ಹುಡುಗನ ಮೇಲೆ ಬಿತ್ತು. ಒಣಕಲು ಮೈ, ಕೆಂಪು ಕಣ್ಣು, ತರಗತಿಯಲ್ಲಿ ತೂಕಡಿಕೆ. ಕೋಣೆಯನ್ನೆಲ್ಲ ಜಾಲಾಡಿದರೂ ಏನೂ ಸಿಗಲಿಲ್ಲ. ಸಿಗದೇ ಇದ್ದದ್ದೇ ಅವನ ಕಳ್ಳಾಟಕ್ಕೆ ಸಾಕ್ಷಿಯಾಯಿತು.

ಮರುದಿನ ಸನೂಪ್ ಪ್ರಯೋಗಾಲಯಕ್ಕೆ ಓಡಿಬಂದ.

“ಅಮ್ಮನಾಣೆ ಟೀಚರೇ, ನಾನು ಏನನ್ನೂ ಮುಟ್ಟಿಲ್ಲ. ರಾತ್ರಿ ಹೊತ್ತು ರಸ್ತೆಬದಿಯ ತಟ್ಟುಕಡೆಯಲ್ಲಿ ಪರೋಟ ಹಾಕ್ತೀನಿ. ನಿದ್ದೆ ಇಲ್ಲ, ಅದಕ್ಕೇ ಕಣ್ಣು ಹೀಗೆ. ಬೇಕಾದ್ರೆ ನನ್ನೊಬ್ಬನದೇ ಪರೀಕ್ಷೆ ಮಾಡಿ ನೋಡಿ.”

“ಒಬ್ಬೊಬ್ಬರನ್ನ ಪರೀಕ್ಷೆ ಮಾಡೋಕೆ ನಿಯಮ ಬಿಡಲ್ಲ ಮೋನೇ.”

ನಿಯಮವಂತೆ! ಅರ್ಧವನ್ನು ಅವಳು ಆಗಲೇ ಮುರಿದಾಗಿತ್ತು. ಹುಡುಗನಿಗಾಗಿ ಉಳಿದರ್ಧ ಮುರಿಯಲು ಮಾತ್ರ ಧೈರ್ಯ ಬರಲಿಲ್ಲ.

ಪೊಲೀಸೋ, ವ್ಯಸನಮುಕ್ತಿ ಕೇಂದ್ರವೋ ನೀನೇ ಆರಿಸಿಕೋ ಎಂದರು ಔಸೇಪ್ ಸಾರ್. ಪೊಲೀಸ್ ಕೇಸಾದರೆ ಓದು ಅಲ್ಲಿಗೇ ಮುಗಿಯುತ್ತದೆಂದು ಸನೂಪನಿಗೆ ಗೊತ್ತಿತ್ತು. ಹೌದು, ಐಸ್ ತೆಗೆದುಕೊಳ್ಳುತ್ತಿದ್ದೆ ಎಂದ. ಓಣಂ ರಜೆಗೆ ಮಿಕ್ಕವರೆಲ್ಲ ಊರಿನ ಬಸ್ಸು ಹತ್ತುತ್ತಿದ್ದಾಗ ಅವನನ್ನು ಜೀಪೊಂದು ಬೆಟ್ಟದಾಚೆಯ ಕೇಂದ್ರಕ್ಕೆ ಒಯ್ದಿತು. ಅಲ್ಲಿ ಫೋನು ಕೊಡುವುದಿಲ್ಲ. ಬಾಗಿಲಿಗೆ ಹೊರಗಿನಿಂದ ಬೀಗ.

ತಾನಾಗಿಯೇ ಒಪ್ಪಿಕೊಂಡನಲ್ಲ ಎಂದು ಪ್ರಸೀತಾ ಸಮಾಧಾನ ಮಾಡಿಕೊಂಡಳು. ಅಂದು ರಾತ್ರಿ ಚೆನ್ನಾಗಿ ನಿದ್ದೆಯೂ ಬಂತು.

ರಜೆಯಲ್ಲಿ ಅವಳಿಗೊಂದು ಕೆಲಸ ಬಾಕಿಯಿತ್ತು. ಹುಡುಗರಿಲ್ಲದ ಹಾಸ್ಟೆಲಿನ ನೀರನ್ನೂ ಒಮ್ಮೆ ನೋಡಬೇಕು. ಅದರಲ್ಲಿ ಸೊನ್ನೆ ಬಂದರೆ ಯಂತ್ರ ಸುಳ್ಳು ಹೇಳುತ್ತಿಲ್ಲ ಎಂದರ್ಥ. ಪೂರ್ವದ ಕೊಳವೆಯಿಂದ ತಾನೇ ಸೀಸೆ ತುಂಬಿಸಿ ತಂದಳು.

ಸೊನ್ನೆ ಬರಲಿಲ್ಲ. ಪರದೆಯ ಮೇಲೆ ಅದೇ ಗುರುತು, ಎಂದಿನಷ್ಟೇ ಎತ್ತರಕ್ಕೆ ಎದ್ದು ನಿಂತಿತ್ತು.

ಪ್ರಸೀತಾ ಲೆಕ್ಕ ಹಾಕಿದಳು. ಹುಡುಗರೆಲ್ಲ ಹೋಗಿದ್ದಾರೆ. ಸನೂಪ್ ಬೀಗದೊಳಗಿದ್ದಾನೆ. ಅಲ್ಲಿ ಉಳಿದಿರುವವರು ಒಬ್ಬರೇ.

ಚಪ್ಪಲಿ ಬದಲಿಸುವ ವ್ಯವಧಾನವೂ ಇಲ್ಲದೆ ಹಾಸ್ಟೆಲಿಗೆ ಓಡಿದಳು. ಅಂಗಳದಲ್ಲಿ ಹುಡುಗರು ಹಾಕಿಟ್ಟು ಹೋಗಿದ್ದ ಹೂವಿನ ರಂಗೋಲಿ ಬಾಡಿ ಕಪ್ಪಾಗಿತ್ತು. ಔಸೇಪ್ ಸಾರ್ ಹಾಲಿಲ್ಲದ ಕಟ್ಟನ್ ಚಹಾದ ಗ್ಲಾಸಿನ ಮುಂದೆ ಕುಳಿತಿದ್ದರು. ಅರ್ಧ ಚಹಾ ಮೇಜಿನ ಮೇಲೆ ಚೆಲ್ಲಿತ್ತು. ಯಾರೂ ಬರುವುದಿಲ್ಲವೆಂದೋ ಏನೋ, ಬಲಗೈ ಅಂದು ಜೇಬಿನ ಹೊರಗಿತ್ತು. ಅದು ಒಂದೇ ಸಮನೆ ನಡುಗುತ್ತಿತ್ತು.

ನಶೆ ಸಿಗದವರ ಕೈ ಹೀಗೆ ನಡುಗುವುದನ್ನು ಅವಳು ನೋಡಿದ್ದಳು.

“ಎಷ್ಟು ದಿನದಿಂದ ಸಾರ್?”

ಅವರು ಕೈಯನ್ನು ಸರಕ್ಕನೆ ಮೇಜಿನ ಕೆಳಗೆಳೆದುಕೊಂಡರು. ಆಮೇಲೆ ತಲೆ ತಗ್ಗಿಸಿದರು.

“ಕಂಡುಹಿಡಿದುಬಿಟ್ರಾ? ವರ್ಷ ಆಯ್ತು ಟೀಚರೇ. ದಮ್ಮಯ್ಯ, ಯಾರಿಗೂ ಹೇಳಬೇಡಿ, ಕೆಲಸ ಹೋಗುತ್ತೆ. ಅದಿಲ್ಲದೆ ಬೆಳಿಗ್ಗೆ ಅಂಗಿ ಗುಂಡಿ ಹಾಕೋಕೂ ಆಗಲ್ಲ.”

“ನಾಚಿಕೆ ಆಗಲ್ವಾ ನಿಮಗೆ? ಆ ಪಾಪದ ಹುಡುಗನನ್ನ ಹಿಡಿದು ಅಲ್ಲಿಗೆ ಹಾಕಿದಿರಲ್ಲ!”

ಔಸೇಪ್ ಸಾರ್ ತಲೆಯೆತ್ತಿದರು. ಅವರ ಕಣ್ಣಲ್ಲಿ ನಿಜವಾದ ಗೊಂದಲವಿತ್ತು.

“ಸನೂಪನ್ನಾ? ಅವನಿಗೂ ಇದಕ್ಕೂ ಏನು ಸಂಬಂಧ? ಅವನು ಐಸ್ ತಗೊಂಡಿದ್ದ, ಒಪ್ಪಿಕೊಂಡ. ನನ್ನದು ಇದು.”

ನಡುಗುವ ಬೆರಳುಗಳಿಂದ ಅಂಗಿಯ ಜೇಬು ತಡಕಾಡಿ, ಅದನ್ನು ತೆಗೆದು ಮೇಜಿನ ಮೇಲಿಟ್ಟರು. ಪಾರ್ಕಿನ್ಸನ್ ನಡುಕಕ್ಕೆಂದು ಡಾಕ್ಟರು ಬರೆದುಕೊಟ್ಟ ಮಾತ್ರೆಯ ಪಟ್ಟಿ. ಪ್ರಸೀತಾ ಹೆಸರು ಓದಿದಳು, ಇನ್ನೊಮ್ಮೆ ಓದಿದಳು. ಮೈಯೊಳಗೆ ಕರಗಿ ಹೊರಬಿದ್ದ ಮೇಲೆ ಆ ಮಾತ್ರೆ ಅವಳ ಯಂತ್ರಕ್ಕೆ ಐಸ್‌ನ ಹಾಗೆಯೇ ಕಾಣುತ್ತದೆ.

ಈ ವರ್ಷ ಆ ಹಾಸ್ಟೆಲಿನಲ್ಲಿ ಐಸ್ ಮುಟ್ಟಿದವರು ಒಬ್ಬರೂ ಇರಲಿಲ್ಲ.