ಹೊಟ್ಟೆಕಿಚ್ಚಿನ ಒಲೆ

ಗ್ಯಾಸ್ ಸಿಲಿಂಡರ್ ಬರುವುದು ನಿಂತ ಮೇಲೆ ಎಲ್ಲರ ಅಡುಗೆಮನೆಯಲ್ಲೂ ಹೊಟ್ಟೆಕಿಚ್ಚಿನ ಒಲೆಯೇ. ವೈದೇಹಿ ಒಲೆಯ ಕೊಳವೆಯನ್ನು ಹೊಕ್ಕುಳಿಗೆ ಸಿಕ್ಕಿಸಿಕೊಂಡು ದೋಸೆ ಹುಯ್ದಳು. ಬೆಳಗ್ಗಿನಿಂದ ಯಾರನ್ನೂ ಕಂಡು ಕರುಬಲು ಪುರುಸೊತ್ತಾಗಿರಲಿಲ್ಲ, ಉರಿ ಇಳಿಯಿತು. ನಡುಮನೆಯಲ್ಲಿ ಅತ್ತೆ ತಟ್ಟೆ ಮುಂದೆ ಕೂತಿದ್ದರು.

ಕಿಟಕಿಯಿಂದಲೇ ಪಕ್ಕದ ಮನೆಯವರನ್ನು ಕೂಗಿದಳು: "ಕುಸುಮಕ್ಕಾ, ಒಲೆ ಆರ್ತಿದೆ. ಏನಾದ್ರೂ ಜಂಬ ಕೊಚ್ಕೊಳ್ರೀ!"

"ರೇಷ್ಮೆ ಸೀರೆ ತಗೊಂಡೆ ಕಣೇ."

ಉರಿ ಮಿಣುಕಿತು.

"ಮಗಳಿಗೆ ಮೆಡಿಕಲ್ ಸೀಟು ಸಿಕ್ತು."

ಕಾವಲಿ ಬೆಚ್ಚಗಾಯಿತು, ಅಷ್ಟೆ.

ಕುಸುಮಕ್ಕ ಆಚೀಚೆ ನೋಡಿ ದನಿ ತಗ್ಗಿಸಿದರು. "ನಮ್ಮತ್ತೆ ತಮ್ಮ ಮಗಳ ಮನೆಗೆ ಹೋದ್ರು. ಇನ್ಮೇಲೆ ಅಲ್ಲೇ ಇರ್ತಾರಂತೆ."

ಉರಿ ಸೂರು ಮುಟ್ಟಿತು. ದೋಸೆ ಕರಕಲಾಯಿತು.

ನಡುಮನೆಯಿಂದ ಅತ್ತೆ ಕೇಳಿದರು: "ಸೀದ ವಾಸನೆ ಬರ್ತಿದೆ. ಯಾರ ಮನೆ ಅತ್ತೆ ಹೊರಟ್ಹೋದ್ರಮ್ಮಾ?"